ಕುಂಬಳೆಯ ಮೇಲೆ ಮೂರು ಸುತ್ತು

ನನಗೊಂದು ಚಟ ಇದೆ. ಹೊಗೆಸೊಪ್ಪಿನದಲ್ಲ, ಇಸ್ಪೀಟಿನದೂ ಅಲ್ಲ. ಹೇಳಿಕೊಳ್ಳಲು ಅವೆರಡಕ್ಕಿಂತಲೂ ಹೆಚ್ಚು ನಾಚಿಕೆಯಾಗುವಂಥದ್ದು. ಕೈಯಲ್ಲಿ ಫೋನಿದ್ದು ಎದುರಿಗೆ ಕೆಲಸವಿಲ್ಲದಿದ್ದರೆ, ಯಾವುದಾದರೂ ಎರಡು ಊರುಗಳ ಹೆಸರು ಕೊಟ್ಟು, ಅವುಗಳ ನಡುವೆ ವಿಮಾನದಲ್ಲಿ ಎಷ್ಟು ಹೊತ್ತು, ರಸ್ತೆಯಲ್ಲಿ ಎಷ್ಟು ಹೊತ್ತು ಎಂದು ನೋಡುತ್ತ ಕೂರುತ್ತೇನೆ. ಆ ಊರುಗಳಿಗೆ ನಾನು ಹೋಗಬೇಕೆಂದೇನೂ ಇಲ್ಲ. ಕಾಸರಗೋಡಿನ ಸೀತಾಂಗೋಳಿಯಲ್ಲಿ ಅಲ್ಯೂಮಿನಿಯಂ ಕಿಟಕಿ ಬಾಗಿಲು ಮಾಡುವ ಸಣ್ಣದೊಂದು ವರ್ಕ್‌ಶಾಪ್ ಇಟ್ಟುಕೊಂಡವನಿಗೆ ಮಾಸ್ಕೋದಿಂದ ಮ್ಯಾಡ್ರಿಡ್ಡಿಗೆ ಎಷ್ಟು ದೂರವಾದರೇನು? "ಅಲ್ಲಿ ನಿಮ್ಮವರು ಯಾರುಂಟು?" ಎಂದು ಹೆಂಡತಿ ಕೇಳುತ್ತಾಳೆ. ಯಾರೂ ಇಲ್ಲ. ಆದರೂ ವಿಮಾನದ ಲೆಕ್ಕ ಚಿಕ್ಕದಾಗಿ, ರಸ್ತೆಯ ಲೆಕ್ಕ ದೊಡ್ಡದಾಗಿ ಪಕ್ಕಪಕ್ಕದಲ್ಲಿ ಕಂಡಾಗ, ಆ ನಡುವಿನ ಹೊತ್ತನ್ನೆಲ್ಲ ನಾನೇ ಉಳಿಸಿದೆನೋ ಎಂಬಷ್ಟು ಸಂತೋಷವಾಗುತ್ತದೆ.

ಈ ಎರಡು ಬಗೆಯ ಲೆಕ್ಕ ನನಗೆ ಹುಟ್ಟಿನಿಂದಲೇ ಬಂದದ್ದು. ನನ್ನ ಬಾಲ್ಯ ಕುಂಬ್ಡಾಜೆಯ ಗುಡ್ಡದಲ್ಲಿ ಕಳೆಯಿತು. ನಮ್ಮ ಮನೆಯ ಅಂಗಳದಲ್ಲಿ ನಿಂತರೆ ಎದುರು ಗುಡ್ಡದ ಮನೆಯವರು ಒಗ್ಗರಣೆಗೆ ಹಾಕಿದ್ದು ಬೆಳ್ಳುಳ್ಳಿಯೋ ಇಂಗೋ ಎಂದು ಗಾಳಿಯೇ ಹೇಳುತ್ತಿತ್ತು. ನನ್ನ ಅಮ್ಮ ಇಲ್ಲಿಂದ ಕೂಗಿದರೆ ಅವರು ಅಲ್ಲಿಂದ ಓಗೊಡುತ್ತಿದ್ದರು. ಆದರೆ ಒಂದು ಪಾತ್ರೆ ಮಜ್ಜಿಗೆ ತರಲು ನಾನು ಹೊರಟೆನೆಂದರೆ ಗುಡ್ಡ ಇಳಿದು, ತೋಡಿನ ನೀರು ದಾಟಿ, ಮತ್ತೊಂದು ಗುಡ್ಡ ಹತ್ತುವಷ್ಟರಲ್ಲಿ ಮಜ್ಜಿಗೆಯ ಆಸೆಯೇ ಆರಿಹೋಗುತ್ತಿತ್ತು. ಹಿಂದಿನವರು ಗಾವುದ, ಹರದಾರಿ ಎಂದೆಲ್ಲ ಅಳತೆ ಇಟ್ಟುಕೊಂಡಿದ್ದರಂತೆ. ಅವುಗಳ ಜೊತೆಯಲ್ಲೇ ಕೂಗಳತೆ ಎಂಬುದೂ ಇತ್ತು. ಕೂಗಳತೆಯೆಂದರೆ ಸ್ವರ ಹೋಗುವ ದೂರ. ಅದೇ ದೂರವನ್ನು ಕಾಲು ಎಷ್ಟು ಹೊತ್ತಿನಲ್ಲಿ ದಾಟುತ್ತದೆ ಎಂಬುದನ್ನು ಹೇಳುವ ಜವಾಬ್ದಾರಿ ಆ ಅಳತೆಗೆ ಇರಲಿಲ್ಲ. ಈಗಿನ ವಿಮಾನದ ಲೆಕ್ಕಕ್ಕೂ ಇಲ್ಲ.

ದೂರದ ವಿಷಯದಲ್ಲಿ ನಾವು ಕಾಸರಗೋಡಿನವರು ಸ್ವಲ್ಪ ವಿಚಿತ್ರದವರೇ. ನಮ್ಮ ರಾಜಧಾನಿಗೆ ಒಂದು ರಾತ್ರಿ ಪೂರ್ತಿ ರೈಲಿನಲ್ಲಿ ಕೂರಬೇಕು. ಬೇರೆ ರಾಜ್ಯದ ಮಂಗಳೂರಿಗೆ ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಮುಟ್ಟುತ್ತೇವೆ. ಹಲ್ಲು ಕೀಳಿಸಲು, ಸೀರೆ ಕೊಳ್ಳಲು, ಕಣ್ಣು ತೋರಿಸಲು ನಮ್ಮ ಮುಖ ತಾನಾಗಿಯೇ ಬಡಗಣಕ್ಕೆ ತಿರುಗುತ್ತದೆ. ಕಾಗದಪತ್ರಕ್ಕೆ ಮಾತ್ರ ತೆಂಕಣಕ್ಕೆ. ತೆಂಕಣದ ಕಣ್ಣೂರಿನಲ್ಲಿ ಹೊಸ ವಿಮಾನ ನಿಲ್ದಾಣವಾಗಿ ವರ್ಷಗಳಾದವು. ಆದರೆ ನಮ್ಮ ಕಡೆ ಯಾರಾದರೂ "ಏರ್‌ಪೋರ್ಟಿಗೆ ಹೋಗ್ತೇನೆ" ಎಂದರೆ ಅದು ಮಂಗಳೂರೇ. ಯಾವುದು ಎಂದು ಯಾರೂ ಕೇಳುವುದಿಲ್ಲ. ಕಣ್ಣೂರಿನಲ್ಲಿ ನನಗೆ ಏನಾದರೂ ಕೆಲಸ ಬಿದ್ದೀತು ಎಂದು ಕಳೆದ ಮೇ ತಿಂಗಳವರೆಗೆ ನಾನೂ ಎಣಿಸಿದವನಲ್ಲ.

ಕಳೆದ ಮೇ ತಿಂಗಳ ಕೊನೆಯ ವಾರದಲ್ಲಿ ಸ್ವಾತಿಯ ಮದುವೆ. ಸ್ವಾತಿ ನನ್ನ ಅಕ್ಕನ ಒಬ್ಬಳೇ ಮಗಳು. ಅವಳು ಶಾಲೆಗೆ ಸೇರುವ ಮೊದಲೇ ಭಾವ ತೀರಿಕೊಂಡರು. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಹಿಂದೆಲ್ಲ ಎತ್ತಿಕೊಂಡೇ ಬರುತ್ತಿದ್ದರಂತೆ; ಹುಡುಗಿಯರು ಬೆಳೆದು ಮಾವಂದಿರು ಬಳಲಿದ ಮೇಲೆ ಕೈ ಹಿಡಿದು ನಡೆಸಿಕೊಂಡು ಬರುವುದಾಗಿದೆ. ಸ್ವಾತಿ ಸಣ್ಣವಳಿದ್ದಾಗ ಯಾರದೋ ಮದುವೆಯಲ್ಲಿ ಇದನ್ನು ನೋಡಿ, "ನನ್ನನ್ನು ಯಾರು ಕರ್ಕೊಂಡು ಬರುದು ಮಾವ?" ಎಂದು ಕೇಳಿದ್ದಳು. ಅಪ್ಪನಿಲ್ಲದ ಮಗು ಕೇಳಿದ ಪ್ರಶ್ನೆ ಅದು. "ನಾನೇ ಅಲ್ವಾ" ಎಂದೆ. ಆಮೇಲೆ ಪ್ರತಿ ಮದುವೆಯಲ್ಲೂ ಅವಳು ನನ್ನ ಕಡೆ ನೋಡಿ ಕಣ್ಣಲ್ಲೇ ಆ ಮಾತನ್ನು ನವೀಕರಿಸಿಕೊಳ್ಳುತ್ತಿದ್ದಳು. ನನಗೆ ಮಕ್ಕಳಿಲ್ಲ. ನನ್ನ ಜೀವಮಾನದಲ್ಲಿ ಒಂದು ಮದುವೆಯಲ್ಲಿ ನಾನು ಇರಲೇಬೇಕಾದ ಜಾಗವೊಂದಿದ್ದರೆ ಅದು ಅವಳ ಬಲಗೈಯ ಪಕ್ಕ.

ಹೀಗಿರುವಾಗ ಮದುವೆಯ ಬೆಳಿಗ್ಗೆ ನಾನು ಆಕಾಶದಲ್ಲಿ ಏನು ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ಮದುವೆಯ ಮನೆಯವರೆಲ್ಲ ಕೇಳಿದ್ದಾರೆ, ನೀವೂ ಕೇಳಿ. ಅದಕ್ಕೆ ಕಾರಣ ಮುಂಬಯಿಯ ಚಿಕ್ಕಮ್ಮ. ನನ್ನ ಅಮ್ಮನ ತಂಗಿ, ಎಂಬತ್ತು ದಾಟಿದವರು. ಮದುವೆಯಾಗಿ ಮುಂಬಯಿಗೆ ಹೋದವರು ಅಲ್ಲೇ ಉಳಿದರು. ನಾನೇ ಬಂದು ಕರೆದುಕೊಂಡು ಹೋದರೆ ಮಾತ್ರ ಮದುವೆಗೆ ಬರುವುದು ಎಂದರು. ಆಗಲಿ, ಬುಧವಾರ ಹೋಗಿ ಗುರುವಾರ ಕರೆದುಕೊಂಡು ಬರುತ್ತೇನೆ, ಶುಕ್ರವಾರ ಮದುವೆ ಎಂದು ನಾನು ಲೆಕ್ಕ ಹಾಕಿದೆ. ಚಿಕ್ಕಮ್ಮ ಫೋನಿನಲ್ಲಿ ಒಂದೇ ಮಾತು ಹೇಳಿದರು: "ಗುರುವಾರ ತೆಂಕಣಕ್ಕೆ ಶೂಲೆ ಮಾರಾಯ. ನಾನು ಹೊರಡುದಿಲ್ಲ."

ವಾರಶೂಲೆಯ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ವಾರದ ಪ್ರತಿ ದಿನಕ್ಕೂ ಪ್ರಯಾಣ ಮಾಡಬಾರದ ಒಂದು ದಿಕ್ಕುಂಟು. ಸೋಮವಾರ, ಶನಿವಾರ ಮೂಡಣ, ಮಂಗಳವಾರ, ಬುಧವಾರ ಬಡಗಣ, ಗುರುವಾರ ತೆಂಕಣ, ಶುಕ್ರವಾರ, ಭಾನುವಾರ ಪಡುವಣ. ಕಾಲ್ನಡಿಗೆಯ ಕಾಲದಲ್ಲಿ ಇದರಿಂದ ಆಗುವ ನಷ್ಟ ಒಂದು ದಿನದ್ದು. ಜಗಲಿಯಲ್ಲಿ ಮಲಗಿ ಎದ್ದರೆ ಮುಗಿಯಿತು. ವಿಮಾನದ ಕಾಲದಲ್ಲಿ ಟಿಕೆಟಿನ ದರ ಶೂಲೆಯನ್ನು ಕೇಳುವುದಿಲ್ಲ. ಬುಧವಾರವೇ ಹೊರಡಿ ಎನ್ನೋಣವೆಂದರೆ ನಾನು ಮಂಗಳವಾರವೇ ಮುಂಬಯಿಗೆ ಹೋಗಬೇಕು, ಆ ದಿನ ನನ್ನ ವರ್ಕ್‌ಶಾಪಿನಲ್ಲಿ ಒಂದು ಶಾಲೆಯ ಕಿಟಕಿಗಳನ್ನು ಕೊಟ್ಟು ಮುಗಿಸಬೇಕಿತ್ತು. ಕೊನೆಗೆ ನನ್ನ ಚಟವೇ ನನ್ನನ್ನು ಕೆಡಿಸಿತು. ಫೋನಿನಲ್ಲಿ ನೋಡಿದೆ: ಮುಂಬಯಿಯಿಂದ ಮಂಗಳೂರಿಗೆ ಒಂದೂವರೆ ಗಂಟೆ. ಶುಕ್ರವಾರ ನಸುಕಿಗೆ ಹೊರಟರೆ ಏಳೂವರೆಗೆ ಮಂಗಳೂರು. ಅಲ್ಲಿಂದ ತಲಪಾಡಿ ದಾಟಿ, ಕುಂಬಳೆಯಲ್ಲಿ ತಿರುಗಿ ಸೀತಾಂಗೋಳಿಯ ಸಭಾಭವನಕ್ಕೆ ಎರಡು ಗಂಟೆ. ಮುಹೂರ್ತ ಇರುವುದು ನಡುಮಧ್ಯಾಹ್ನ. ಸ್ನಾನ ಮಾಡಿ, ಇಡ್ಲಿ ತಿಂದು, ಪಂಚೆ ಉಟ್ಟು, ನಾಲ್ಕು ಜನರ ಮೇಲೆ ರೇಗಲೂ ಪುರುಸೊತ್ತು ಸಿಗುತ್ತಿತ್ತು.

"ರೈಲಿನಲ್ಲಿ ಬನ್ನಿ, ಅದು ಕಾಸರಗೋಡಿಗೇ ತಂದು ಬಿಡ್ತದೆ" ಎಂದು ಹೆಂಡತಿ ಹೇಳಿದ್ದಳು. ನಾನು ಅವಳಿಗೆ ಫೋನಿನಲ್ಲಿದ್ದ ಎರಡು ಲೆಕ್ಕ ತೋರಿಸಿದೆ.

ವಿಮಾನ ಸಮಯಕ್ಕೆ ಸರಿಯಾಗಿ ಹೊರಟಿತು. ಅದರ ಬಗ್ಗೆ ನನ್ನ ದೂರಿಲ್ಲ. ಚಿಕ್ಕಮ್ಮ ಕಿಟಕಿಯ ಪಕ್ಕ, ನಡುವೆ ನಾನು, ಆ ಕಡೆ ಕುಂಬಳೆಯ ಹತ್ತಿರದ ಉಪ್ಪಳದ ಹಮೀದ್ ಎಂಬವರು. ಮುಂಬಯಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಮಾತುಗಾರರು. ಏಳೂವರೆ ಆಯಿತು, ವಿಮಾನ ಇಳಿಯಲಿಲ್ಲ. ಮಂಗಳೂರಿನಲ್ಲಿ ಮೋಡ ಕವಿದಿದೆ, ಸ್ವಲ್ಪ ಕಾಯುತ್ತೇವೆ ಎಂದು ಪೈಲಟ್ ಹೇಳಿದ. ಆಕಾಶದಲ್ಲಿ ಕಾಯುವುದೆಂದರೆ ಸುತ್ತುವುದು. ಒಮ್ಮೆ ಮೋಡ ಹರಿದು ಕೆಳಗಿನದೆಲ್ಲ ಕಂಡಿತು. ಸಮುದ್ರ, ಹಿನ್ನೀರು, ರೈಲು ಸೇತುವೆ. ಅದು ಕುಂಬಳೆ! ಅಲ್ಲಿಂದ ಮೂಡಣಕ್ಕೆ ಕೆಂಪು ಗುಡ್ಡ. ಆ ಗುಡ್ಡದಲ್ಲೇ ಎಲ್ಲೋ ಸ್ವಾತಿಗೆ ಆಗ ಹೂ ಮುಡಿಸುತ್ತಿದ್ದರು. ಅವಳಿಗೂ ನನಗೂ ನಡುವಿನ ದೂರ ನಾನು ದಿನಾ ಬೈಕಿನಲ್ಲಿ ವರ್ಕ್‌ಶಾಪಿಗೆ ಹೋಗುವಷ್ಟೂ ಇರಲಿಲ್ಲ. ಆದರೆ ಅದು ಕೆಳಮುಖವಾಗಿತ್ತು.

"ನನ್ನ ಮನೆಯ ಮೇಲೆಯೇ ಹೋಯ್ತು ಮಾರಾಯ್ರೆ. ಒಂದು ಹಗ್ಗ ಇದ್ದಿದ್ರೆ ಇಳಿದೇ ಹೋಗಬಹುದಿತ್ತು" ಎಂದರು ಹಮೀದ್. ಎರಡನೆಯ ಸುತ್ತಿಗೂ ಅದೇ ಹಿನ್ನೀರು ಕಂಡಿತು. ವಿಮಾನ ಸಮುದ್ರದ ಕಡೆ ವಾಲಿದಾಗ ಚಿಕ್ಕಮ್ಮ ನನ್ನ ಮೊಣಕೈ ಹಿಡಿದರು. "ಈಗ ಪಡುವಣಕ್ಕೆ ಹೋಗ್ತಾ ಉಂಟಾ? ಇವತ್ತು ಶುಕ್ರವಾರ ಅಲ್ವಾ!" ಎಂದು, ಶೂಲೆಯ ಪರಿಹಾರಕ್ಕೆ ಚೀಲದಿಂದ ಬೆಲ್ಲದ ತುಂಡು ತೆಗೆದು ತಾವೊಂದು ಬಾಯಿಗೆ ಹಾಕಿ ನನಗೊಂದು ಕೊಟ್ಟರು. ನನಗೆ ಇಂಥದರಲ್ಲೆಲ್ಲ ನಂಬಿಕೆ ಇಲ್ಲ. ತಿಂದೆ. ಮೂರನೆಯ ಸುತ್ತು ಮುಗಿದ ಮೇಲೆ ಪೈಲಟ್ ಮತ್ತೆ ಬಾಯಿ ತೆರೆದ. ವಿಮಾನ ಕಣ್ಣೂರಿಗೆ ಹೋಗುತ್ತದೆ ಎಂದ.

ಕಣ್ಣೂರಿನಲ್ಲಿ ಇಳಿದು ವಿಮಾನ ಒಂದು ಮೂಲೆಯಲ್ಲಿ ನಿಂತಿತು. ಮೋಡ ಸರಿದ ಕೂಡಲೇ ಮಂಗಳೂರಿಗೆ ವಾಪಸು ಹೋಗುವುದು, ಬೇಕಾದವರು ಇಲ್ಲೇ ಇಳಿಯಬಹುದು, ಇಳಿದವರು ಮತ್ತೆ ಹತ್ತುವ ಹಾಗಿಲ್ಲ ಎಂದು ಘೋಷಣೆಯಾಯಿತು. ಜೀವಮಾನವಿಡೀ ವಿಮಾನಕ್ಕೆಷ್ಟು ರಸ್ತೆಗೆಷ್ಟು ಎಂದು ಕುಳಿತಲ್ಲೇ ನೋಡಿದವನಿಗೆ ದೇವರು ಎರಡನ್ನೂ ಒಮ್ಮೆಲೇ ಮುಂದಿಟ್ಟು, ಈಗ ಆರಿಸಿಕೋ ಎಂದಂತಾಯಿತು. ಇಳಿದರೆ ಮೂರೂವರೆ ಗಂಟೆಯ ರಸ್ತೆ. ಆಗಲೇ ಎಂಟೂವರೆ ದಾಟಿತ್ತು. ಮುಹೂರ್ತದ ಬುಡಕ್ಕೆ ಹೋಗಿ ಮುಟ್ಟಬಹುದು, ಎಲ್ಲೂ ನಿಲ್ಲದಿದ್ದರೆ. ಇಳಿಯದಿದ್ದರೆ ಅರ್ಧ ಗಂಟೆಯ ಹಾರಾಟ, ಆಮೇಲೆ ಎರಡು ಗಂಟೆಯ ರಸ್ತೆ. ಆದರೆ ಹಾರುವುದು ಯಾವಾಗ? ಗಗನಸಖಿಯನ್ನು ಕೇಳಿದೆ. ಆ ಹುಡುಗಿ ನಕ್ಕಳು. ಅಷ್ಟು ಚೆಂದದ ನಗು ನನಗೆ ಅಷ್ಟು ಸಿಟ್ಟು ತರಿಸಿದ್ದು ಅದೇ ಮೊದಲು.

ಹಮೀದ್ ಏಳಲಿಲ್ಲ. "ಈಗ ಬಿಡ್ತದೆ ನೋಡಿ, ಇಳಿದವರು ಕೆಟ್ಟರು" ಎಂದರು. ನಾನು ಎದ್ದೆ, ಕೂತೆ, ಮತ್ತೆ ಎದ್ದೆ.

"ಕೂತು ಎದ್ದು ಎಂತ ಮಾಡುದು ಮಾಣಿ?" ಎಂದರು ಚಿಕ್ಕಮ್ಮ. ನಮ್ಮಲ್ಲಿ ಮಾಣಿ ಎಂದರೆ ಸಣ್ಣ ಹುಡುಗ. ಅವರ ಪಾಲಿಗೆ ನಾನು ಐವತ್ತೈದರಲ್ಲೂ ಅದೇ. "ಇದು ನಿಂತಿದೆ. ಕಾರು ಹೋಗ್ತದೆ. ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?"

ಇಳಿದೆವು. ಅವರ ಮೊಣಕಾಲಿಗೆ ಗಾಲಿಕುರ್ಚಿ ಬೇಕು. ಅದು ಬರುವಷ್ಟರಲ್ಲಿ ನನಗೆ ಒಂದು ಯುಗ ಕಳೆಯಿತು. ಟ್ಯಾಕ್ಸಿಯವನಿಗೆ ನನ್ನ ಹರಕು ಮಲಯಾಳದಲ್ಲಿ ಮದುವೆ, ಮುಹೂರ್ತ, ಸೋದರಮಾವ ಎಲ್ಲವನ್ನೂ ಹೇಳಿದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಇಪ್ಪೋ ಎತ್ತುಂ" ಎಂದ. ಈಗ ಮುಟ್ಟುತ್ತೇವೆ ಎಂದರ್ಥ. ತಳಿಪರಂಬದಲ್ಲೂ ಹಾಗೆಯೇ ಎಂದ, ಪಯ್ಯನ್ನೂರಿನಲ್ಲೂ ಹಾಗೆಯೇ ಎಂದ. ನಮ್ಮ ಮೀಂಜದ ಕಡೆ ದಾರಿ ಕೇಳಿದರೆ "ಇಲ್ಲೇ, ಒಂದು ತಿರುವು" ಎನ್ನುತ್ತಾರೆ. ಆ ಒಂದು ತಿರುವು ಮುಗಿಯಲು ಅರ್ಧ ಗಂಟೆ ಬೇಕು. ಸುಳ್ಳಲ್ಲ ಅದು. ಬಳಲಿದವನಿಗೆ ಉಳಿದ ದೂರವನ್ನು ಪೂರ್ತಿ ಹೇಳಬಾರದೆಂಬ ಮರ್ಯಾದೆ. ಆ ದಿನ ಮಾತ್ರ ನನಗೆ ಮರ್ಯಾದೆ ಬೇಕಿರಲಿಲ್ಲ, ಕಿಲೋಮೀಟರು ಬೇಕಿತ್ತು.

ಹೆದ್ದಾರಿ ಅಗಲವಾಗುತ್ತಲೇ ಇರುವ ಕಾಲವಿದು. ಅಗಲವಾಗಿ ಮುಗಿದ ಕಡೆ ಕಾರು ಹಾರುತ್ತಿತ್ತು. ಮುಗಿಯದ ಕಡೆ ಕೆಳಗಿನ ಸರ್ವಿಸ್ ರಸ್ತೆಗೆ ಇಳಿದು, ಮಣ್ಣಿನ ಲಾರಿಗಳ ಹಿಂದೆ ಮೆರವಣಿಗೆ ಹೋಗುತ್ತಿತ್ತು. ಮೇಲಿಂದ ಮಳೆ ಶುರುವಾಯಿತು. ಪಯ್ಯನ್ನೂರು ದಾಟುವಾಗ, ನಾನು ಇಳಿಯುವ ಮೊದಲು ನನ್ನ ನಂಬರು ತೆಗೆದುಕೊಂಡಿದ್ದ ಹಮೀದರ ಫೋನು ಬಂತು. "ಮಂಗಳೂರಲ್ಲಿ ಇಳಿದಾಯ್ತು ಮಾರಾಯ್ರೆ! ನೀವು ಎಲ್ಲಿ?"

ವಿಮಾನ ನಮ್ಮ ತಲೆಯ ಮೇಲೆಯೇ ಹಾರಿಹೋಗಿತ್ತು. ಅದರಲ್ಲೇ ಇದ್ದಿದ್ದರೆ ನಾನು ಈಗ... ಚಿಕ್ಕಮ್ಮನ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿದ್ದರು. ನಿದ್ದೆಯಲ್ಲ ಅದು, ನನಗೆ ಗೊತ್ತು. ಮುಚ್ಚಿದ ರೆಪ್ಪೆ ಅದುರುತ್ತಿತ್ತು. ನೀಲೇಶ್ವರದಲ್ಲಿ ಹಮೀದ್ ಮತ್ತೆ ಫೋನು ಮಾಡಿ, ಮಂಗಳೂರಿನ ಪಂಪ್‌ವೆಲ್ಲಿನಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದು ಅಲುಗಾಡದೆ ನಿಂತಿದ್ದೇನೆ ಎಂದು ಹೇಳಿ ಬಯ್ಯತೊಡಗಿದರು. ಪರರ ಕಷ್ಟ ಕೇಳಿ ಇಷ್ಟು ಸಮಾಧಾನವಾದದ್ದಕ್ಕೆ ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ನಾವು ಕನ್ನಡದವರು ಹೊಸದುರ್ಗ ಎನ್ನುವ, ಬೋರ್ಡುಗಳು ಕಾಞಂಗಾಡ್ ಎನ್ನುವ ಊರಿಗೆ ಬಂದಾಗ ಅಕ್ಕನ ಫೋನು ಬಂತು. ಹಿಂದೆ ವಾಲಗದ ಸದ್ದು. "ಎಲ್ಲಿ ಮುಟ್ಟಿದೆ? ಗಂಡಿನ ಕಡೆಯವರು ಗಡಿಯಾರ ನೋಡ್ತಾ ಇದ್ದಾರೆ. ಭಟ್ರು ಹೇಳ್ತಾರೆ, ಮುಹೂರ್ತ ಮೀರಿಸ್ಲಿಕ್ಕೆ ಆಗುದಿಲ್ಲ, ಮಾವನ ಸ್ಥಾನದಲ್ಲಿ ಯಾರಾದ್ರೂ ಆಗ್ತದಂತೆ. ಮೀಂಜದ ಶಂಕರ ಇದ್ದಾನೆ, ದೂರದಲ್ಲಿ ಅವನೂ ನನಗೆ ತಮ್ಮನೇ ಆಗ್ಬೇಕು. ಇವಳು ಕೇಳುದಿಲ್ಲ. ಮಾವ ಬಾರದೆ ಏಳುದಿಲ್ಲ ಅಂತ ಕೂತಿದ್ದಾಳೆ. ನೀನೊಮ್ಮೆ ಹೇಳು ಮಾರಾಯ."

ಸ್ವಾತಿ ಫೋನು ತೆಗೆದುಕೊಂಡಳು. "ಮಾವ" ಎಂದಳು. ಅಷ್ಟೇ. ಆ ಒಂದು ಶಬ್ದದಲ್ಲಿ ಅಳುವನ್ನು ಒತ್ತಿ ಹಿಡಿದದ್ದು ನನಗೆ ಕೇಳಿಸಿತು. ಬರ್ತೇನೆ ಮಗಳೇ ಎನ್ನಲೋ, ಶಂಕರನೊಟ್ಟಿಗೆ ಹೋಗು ಎನ್ನಲೋ? ಮೊದಲನೆಯದು ನನ್ನ ಕೈಯಲ್ಲಿರಲಿಲ್ಲ. ಎರಡನೆಯದು ಬಾಯಿಗೆ ಬರಲಿಲ್ಲ. ಶಂಕರ ಒಳ್ಳೆಯವನೇ, ಆದರೆ ಅವನಿಗೆ ಆ ಮಗುವಿನ ಪೂರ್ತಿ ಹೆಸರೂ ಗೊತ್ತಿರಲಾರದು.

ಚಿಕ್ಕಮ್ಮ ಕಣ್ಣು ತೆರೆದು ಕೈ ಚಾಚಿದರು. "ಕೊಡು ಇಲ್ಲಿ."

"ಕೇಳು ಮಗೂ, ಮುಂಬಯಿ ಅಜ್ಜಿ ಮಾತಾಡುದು. ನಿನ್ನ ಮಾವ ಬರ್ತಾ ಇದ್ದಾನೆ. ಮುಟ್ಟಿದರೆ ಮುಟ್ಟಿದ. ಭಟ್ರು ಕರೆಯುವಾಗ ಅವನು ಬಂದಿರದಿದ್ದರೆ ನೀನು ನಿನ್ನ ಅಮ್ಮನ ಕೈ ಹಿಡ್ಕೊಂಡು ಹೋಗು. ಬೇರೆ ಯಾರೂ ಬೇಡ."

ಆಚೆಯಿಂದ ಅಕ್ಕನ ಸ್ವರ ನನಗೂ ಕೇಳಿಸುವಷ್ಟು ಗಟ್ಟಿಯಾಗಿ ಬಂತು. "ಎಂತ ಹೇಳ್ತೀರಿ ಚಿಕ್ಕಮ್ಮ? ನಾನು? ಆ ಹೊತ್ತಿಗೆ ನಾನು ಎದುರು ಬರ್ಲಿಕ್ಕುಂಟಾ? ಜನ ಎಂತ ಹೇಳಿಯಾರು?"

ಭಾವ ಹೋದ ಮೇಲೆ ಅಕ್ಕ ಯಾವ ಮದುವೆಯಲ್ಲೂ ಮಂಟಪದ ಹತ್ತಿರ ಸುಳಿದವಳಲ್ಲ. ಯಾರೂ ಬೇಡವೆಂದದ್ದಲ್ಲ, ಯಾರೂ ಬಾ ಎಂದದ್ದೂ ಇಲ್ಲ. ಅವಳ ಮಗಳನ್ನು ಧಾರೆಯೆರೆದು ಕೊಡುವವರು ಭಾವನ ತಮ್ಮ ಮತ್ತು ಅವರ ಹೆಂಡತಿ. ಅವಳ ಪಾಲಿಗೆ ಇದ್ದದ್ದು ಉಗ್ರಾಣದ ಬೀಗದ ಕೈ ಮತ್ತು ಬಾಗಿಲ ಮರೆ.

"ಜನ ಹೇಳುದನ್ನು ಹೇಳ್ತಾರೆ" ಎಂದರು ಚಿಕ್ಕಮ್ಮ. "ನಿನ್ನ ಚಿಕ್ಕಪ್ಪ ಹೋಗಿ ನಲವತ್ತು ವರ್ಷ ಆಯ್ತು. ಅವತ್ತಿಂದ ಎಲ್ಲ ಮದುವೆ ನಾನು ಬಾಗಿಲ ಹಿಂದೆ ನಿಂತೇ ನೋಡಿದ್ದು. ನನ್ನ ಮಗನದ್ದು ಕೂಡ. ಅಲ್ಲಿಂದ ಮಂಟಪಕ್ಕೆ ಎಷ್ಟು ದೂರ ಅಂತ ನನಗೆ ಗೊತ್ತುಂಟು. ನಿನಗೂ ಗೊತ್ತುಂಟು. ಸಾಕು ಅದು."

ಫೋನು ನನಗೆ ವಾಪಸು ಕೊಟ್ಟು ಕಿಟಕಿಯ ಕಡೆ ತಿರುಗಿದರು. ಗುರುವಾರ ತೆಂಕಣಕ್ಕೆ ಹೊರಡದ ಹೆಂಗಸು! ಒಂದು ಶೂಲೆಗೆ ಹೆದರಿ ನನ್ನನ್ನು ಈ ರಸ್ತೆಗೆ ತಂದು ಹಾಕಿದವರು ಅದಕ್ಕಿಂತ ದೊಡ್ಡದೊಂದನ್ನು ಒಂದೇ ಉಸಿರಿಗೆ ದಾಟಿಬಿಟ್ಟಿದ್ದರು. ನನಗೆ ಮೆಚ್ಚುಗೆಯಾಗಬೇಕಿತ್ತು. ಆದದ್ದು ಸಿಟ್ಟು. ಇಷ್ಟು ವರ್ಷದಿಂದ ನನ್ನದಾಗಿದ್ದ ಜಾಗವನ್ನು ನನ್ನ ಪಕ್ಕದಲ್ಲೇ ಕೂತು, ನನ್ನ ಫೋನಿನಲ್ಲೇ, ನನ್ನನ್ನು ಒಂದು ಮಾತೂ ಕೇಳದೆ ಬೇರೆಯವರಿಗೆ ಕೊಟ್ಟರಲ್ಲ! ಡ್ರೈವರನ ಹೆಗಲು ತಟ್ಟಿ ಇನ್ನೂ ಬೇಗ ಎಂದೆ. ಅವನು ಆಕ್ಸಿಲರೇಟರ್ ಒತ್ತಿದ.

ಚಂದ್ರಗಿರಿ ಹೊಳೆ ದಾಟಿದರೆ ನಮ್ಮ ಸೀಮೆ ಎಂದು ಹಿರಿಯರ ಲೆಕ್ಕ. ನಾನು ಯಾವಾಗಲೂ ಆ ಸೇತುವೆಯ ಮೇಲೆ ಬಂದಾಗ ಮನೆಗೆ ಬಂದೆನೆಂದು ಉಸಿರು ಬಿಡುವವನು. ಆ ದಿನ ಹೊಳೆಯನ್ನು ನೋಡಲೇ ಇಲ್ಲ, ಕೈಗಡಿಯಾರವನ್ನೇ ನೋಡುತ್ತಿದ್ದೆ. ಕಾಸರಗೋಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಆಟೋ ಅಡ್ಡ ನಿಂತಿತು. ನಾನು ಕಿಟಕಿಯಿಂದ ತಲೆ ಹೊರಹಾಕಿ ಎರಡು ಭಾಷೆಯಲ್ಲಿ ಬೈದೆ. ಕುಂಬಳೆಯ ತಿರುವು. ಏರು. ಕೆಂಪು ಮಣ್ಣು ಮಳೆಗೆ ಜಾರುತ್ತಿತ್ತು. ಬೆಳಿಗ್ಗೆ ಮೂರು ಸಲ ಮೇಲಿಂದ ನೋಡಿದ ಗುಡ್ಡ ಇದೇ. ಮೇಲಿಂದ ಅದು ಅಂಗೈಯಷ್ಟಿತ್ತು.

ಸಭಾಭವನದ ಅಂಗಳದಲ್ಲಿ ಕಾರು ನಿಲ್ಲುವ ಮೊದಲೇ ಬಾಗಿಲು ತೆರೆದೆ. ಚಿಕ್ಕಮ್ಮನಿಗೆ ಕೈ ಕೊಟ್ಟು ಇಳಿಸಿದೆ. ಅವರನ್ನು ಬಿಟ್ಟು ಓಡಲೂ ಆಗದು, ಅವರ ಜೊತೆ ನಡೆಯುವ ತಾಳ್ಮೆಯೂ ಇಲ್ಲ. ಅರ್ಧ ಎತ್ತಿಕೊಂಡೇ ಬಾಗಿಲಿಗೆ ಬಂದೆ ಎನ್ನಬೇಕು. ಒಳಗೆ ವಾಲಗ ಏರುಸ್ವರದಲ್ಲಿತ್ತು. ಜನ ಎದ್ದು ನಿಂತಿದ್ದರು. ಅವರ ಹೆಗಲುಗಳ ನಡುವಿನಿಂದ ಮಂಟಪ ಕಂಡಿತು, ಅಂತರಪಟ ಹಿಡಿದವರು ಕಂಡರು. ಆಮೇಲೆ ಸ್ವಾತಿ ಕಂಡಳು. ಕೋಣೆಯಿಂದ ಹೊರಟು ಅರ್ಧ ದಾರಿಗೆ ಬಂದಿದ್ದಳು. ಪಕ್ಕದಲ್ಲಿ ಅಕ್ಕ. ಅಡುಗೆಮನೆಯ ಓಡಾಟಕ್ಕೆಂದು ಉಟ್ಟಿದ್ದ ಹಳೆಯ ಸೀರೆಯಲ್ಲೇ ಇದ್ದಳು. ಯಾರ ಮುಖವನ್ನೂ ನೋಡದೆ, ಬಿಸಿ ಪಾತ್ರೆ ಹಿಡಿದವರಂತೆ ಮಗಳ ಕೈ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಿದ್ದಳು.

"ಮಾವ ಬಂದ್ರು! ಮಾವ ಬಂದ್ರು!" ಎಂದು ಯಾರೋ ಕೂಗಿದರು. ಜನ ಸರಿದು ನನಗೆ ದಾರಿ ಮಾಡಿದರು. ಅಕ್ಕ ತಲೆ ಎತ್ತಿದಳು. ಸದ್ಯ ಬದುಕಿದೆ ಎಂಬ ಭಾವ ಅವಳ ಮುಖದಲ್ಲಿ ಹಾದುಹೋಯಿತು. ಕೂಡಲೇ ಬೆರಳು ಸಡಿಲಿಸಿ, ನನಗೆ ಜಾಗ ಬಿಡಲು ಒಂದು ಹೆಜ್ಜೆ ಹಿಂದೆ ಇಟ್ಟಳು. ಎಷ್ಟು ಸಲೀಸಾಗಿ ಹಿಂದೆ ಸರಿದಳೆಂದರೆ, ಅಷ್ಟು ವರ್ಷ ಅವಳು ಅದನ್ನೇ ಅಭ್ಯಾಸ ಮಾಡಿದ್ದಳೆಂದು ನನಗೆ ಆಗ ಗೊತ್ತಾಯಿತು.

ಸ್ವಾತಿ ನನ್ನನ್ನು ನೋಡಿದಳು. ನಮ್ಮ ನಡುವೆ ಉಳಿದದ್ದು ನಾಲ್ಕಾರು ಮಾರು. ವಿಮಾನ ಬೇಡ, ಕಾರು ಬೇಡ, ಎರಡು ಕಾಲು ಸಾಕು. ನನ್ನ ಕಾಲು ಮುಂದಕ್ಕೆ ಹೊರಟದ್ದು ನಿಜ, ನಾನು ಸಂತನಲ್ಲ. ಆ ಕೈ ನನಗೆ ಬೇಕಿತ್ತು. ಬೆಳಗಿನಿಂದ, ಬೆಳಗಿನಿಂದಲ್ಲ, ಆ ಮಗು ಕೇಳಿದ ದಿನದಿಂದ ಬೇಕಿತ್ತು. ಆದರೆ ಹಿಂದೆ ಸರಿದ ಅಕ್ಕನ ಕಾಲು ನೋಡಿದ ಮೇಲೆ ನನ್ನದು ನಿಂತಿತು. ನಾನು ಕೈ ಎತ್ತಿ, ನಡೆಯಿರಿ ಎಂದು ಸನ್ನೆ ಮಾಡಿದೆ.

ಸ್ವಾತಿ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ತಾನೇ ಕೈ ಚಾಚಿ ಅಮ್ಮನ ಬೆರಳುಗಳನ್ನು ಹಿಡಿದು ಮುಂದಕ್ಕೆ ಎಳೆದಳು. ಅಕ್ಕ ಮಂಟಪದ ಮೆಟ್ಟಿಲು ಹತ್ತಿದಳು. ಭಟ್ಟರು ಏನೋ ಹೇಳಲು ಬಾಯಿ ತೆರೆದವರು ಮಂತ್ರವನ್ನೇ ಹೇಳಿದರು.

ನಾನು ಬಾಗಿಲಲ್ಲೇ ಉಳಿದೆ. ಕಣ್ಣು ತುಂಬಿ ಮಂಟಪ ಕಲಸಿಹೋಗಿತ್ತು. ಅಲ್ಲಿಂದ ಏನೂ ಸರಿಯಾಗಿ ಕಾಣಿಸಲೂ ಇಲ್ಲ. ಚಿಕ್ಕಮ್ಮ ನನ್ನ ತೋಳನ್ನು ಬಿಟ್ಟರು. ಸೆರಗು ಸರಿ ಮಾಡಿಕೊಂಡು, ಮೊಣಕಾಲು ಹಿಡಿದುಕೊಂಡು, ಯಾರ ಆಸರೆಯನ್ನೂ ಕೇಳದೆ ನನ್ನನ್ನು ದಾಟಿ ಹೋಗಿ, ಎಲ್ಲಕ್ಕಿಂತ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತರು.